ಉತ್ತರ ಸ್ಕಾಟ್ಲೆಂಡಿನ ವಿದ್ಯುದ್ದರವೂ ಊರೊಟ್ಟಿನ ಗಾಳಿಯಂತ್ರಗಳೂ

ಗ್ರೇಟ್ ಬ್ರಿಟನ್ನಿನ ಉತ್ತರದ ತುದಿಯಲ್ಲಿರುವ ಹೈಲೆಂಡ್ಸ್ ಎಂಬ ಮಲೆಸೀಮೆಯೂ, ಅದರ ಪಶ್ಚಿಮಕ್ಕೂ ಉತ್ತರಕ್ಕೂ ಚೆದರಿಕೊಂಡಿರುವ ಹೆಬ್ರಿಡೀಸ್, ಆರ್ಕ್ನಿ, ಷೆಟ್ಲೆಂಡ್ ಎಂಬ ದ್ವೀಪಸಮೂಹಗಳೂ ವಿದ್ಯುತ್ತಿನ ಇತಿಹಾಸದಲ್ಲಿ ಒಂದು ವಿಚಿತ್ರವಾದ ಸ್ಥಾನವನ್ನು ಪಡೆದಿವೆ. ಮಳೆ ಗಾಳಿಗಳೆರಡೂ ಅಲ್ಲಿ ಹೇರಳ. ಮಳೆಯ ನೀರಿನಿಂದ ಹುಟ್ಟಿದ ವಿದ್ಯುತ್ತು ಇಪ್ಪತ್ತನೆಯ ಶತಮಾನದ ನಡುವಣ ಕಾಲದಿಂದಲೂ, ಗಾಳಿಯಿಂದ ಹುಟ್ಟಿದ ವಿದ್ಯುತ್ತು ಈ ಶತಮಾನದ ಆರಂಭದಿಂದಲೂ ಅಲ್ಲಿಂದ ದಕ್ಷಿಣದ ಪಟ್ಟಣಗಳಿಗೆ ಹರಿದುಹೋಗುತ್ತಿದೆ. ಹೀಗಿದ್ದರೂ ಅದೇ ಸೀಮೆಯ ಒಕ್ಕಲು ತನ್ನ ಮನೆಯ ದೀಪಕ್ಕೂ ಒಲೆಗೂ ತೆತ್ತ ಬೆಲೆಯು ಬಹುಕಾಲ ಆ ದೇಶದ ಅತ್ಯಂತ ಹೆಚ್ಚಿನ ಬೆಲೆಗಳ ಸಾಲಿಗೆ ಸೇರಿದ್ದಿತು. ಈ ವೈಪರೀತ್ಯವು ಪ್ರಕೃತಿಯಿಂದ ಬಂದುದಲ್ಲ, ಕಾಯಿದೆಗಳಿಂದ ಬಂದುದು. ಈಚಿನ ಇಪ್ಪತ್ತು ವರ್ಷಗಳಲ್ಲಿ ಆ ದ್ವೀಪಗಳ ಜನರು ತಾವೇ ಒಟ್ಟುಗೂಡಿ ಹಣ ಹವಣಿಸಿ ಗಾಳಿಯಂತ್ರಗಳನ್ನು ನಿಲ್ಲಿಸಿಕೊಂಡಿದ್ದಾರೆ. ಯಂತ್ರವು ತಮ್ಮದಾದರೂ ಬೆಲೆಯನ್ನು ಗೊತ್ತುಮಾಡುವ ಅಧಿಕಾರವು ತಮ್ಮದಾಗದೆ ಹೋದುದು ಹೇಗೆ ಎಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

ಈ ಕಥೆಯ ಮೊದಲನೆಯ ಕಾಯಿದೆ ೧೯೪೩ರದು. ಅದಕ್ಕೆ ಮುಂಚೆ ಹೈಲೆಂಡ್ಸಿನ ಜಲಶಕ್ತಿಯನ್ನು ಬಳಸಿಕೊಳ್ಳಲು ಖಾಸಗಿ ಕಂಪೆನಿಗಳು ಮಾಡಿದ ಯತ್ನಗಳು ಹಲವು ಪಾರ್ಲಿಮೆಂಟಿನಲ್ಲಿ ಮುರಿದುಬಿದ್ದಿದ್ದುವು. ಕ್ಯಾಲಿಡೋನಿಯನ್ ಯೋಜನೆಯೆಂಬುದು ೧೯೩೬ರಿಂದ ೧೯೩೮ರ ವರೆಗೆ ಮೂರು ಸಲ ಬಂದು ಮೂರು ಸಲವೂ ತಿರಸ್ಕೃತವಾಯಿತು. ಜಿಂಕೆಯ ಬೇಟೆಗಾಡುಗಳನ್ನೂ ಸಾಮನ್ ಮೀನಿನ ಹೊಳೆಗಳನ್ನೂ ತಮ್ಮ ವಿನೋದಕ್ಕಾಗಿ ಇಟ್ಟುಕೊಂಡಿದ್ದ ಭೂಸ್ವಾಮಿಗಳು ಒಂದು ಕಡೆ, ಕಲ್ಲಿದ್ದಲಿನ ಹಿತವನ್ನು ಕಾಯುವವರು ಮತ್ತೊಂದು ಕಡೆ ನಿಂತು ಇಂಥ ಯೋಜನೆಗಳನ್ನು ಎದುರಿಸಿದರು. ಯುದ್ಧಕಾಲದಲ್ಲಿ, ೧೯೪೧ರಲ್ಲಿ, ಟಾಮ್ ಜಾನ್ಸ್ಟನ್ ಎಂಬಾತನು ಸ್ಕಾಟ್ಲೆಂಡಿನ ಮಂತ್ರಿಯಾಗಿ ನೇಮಕಗೊಂಡನು. ಈತನು ಪೂರ್ವಾಶ್ರಮದಲ್ಲಿ ಸಮಾಜವಾದಿ ಪತ್ರಿಕೋದ್ಯಮಿ; ಸ್ಕಾಟ್ಲೆಂಡಿನ ಕುಲೀನ ಮನೆತನಗಳು ಭೂಮಿಯನ್ನು ಸಂಪಾದಿಸಿದ ಬಗೆಯನ್ನು ಖಂಡಿಸಿ ೧೯೦೯ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದ್ದವನು. ಅಂಥವನಿಗೆ ಚರ್ಚಿಲ್ಲನ ಮಂತ್ರಿಮಂಡಲದಲ್ಲಿ ಸ್ಥಾನ ದೊರೆತುದು ಯುದ್ಧಕಾಲದ ವಿಶೇಷಗಳಲ್ಲಿ ಒಂದು. ಲಾರ್ಡ್ ಕೂಪರನ ಅಧ್ಯಕ್ಷತೆಯಲ್ಲಿ ನೇಮಿಸಲ್ಪಟ್ಟ ಸಮಿತಿಯು ೧೯೪೨ರ ಕೊನೆಯಲ್ಲಿ ವರದಿಯನ್ನೊಪ್ಪಿಸಿತು. ಮರುವರ್ಷವೇ ಕಾಯಿದೆಯಾಗಿ ಉತ್ತರ ಸ್ಕಾಟ್ಲೆಂಡಿನ ಜಲವಿದ್ಯುನ್ಮಂಡಲಿಯು ಹುಟ್ಟಿತು. 'ಕಣಿವೆಗಳ ಬಲ' ಎಂದರ್ಥವಾಗುವ ಗೇಲಿಕ್ ನುಡಿಯನ್ನು ಮಂಡಲಿಯು ತನ್ನ ಲಾಂಛನವಾಕ್ಯವಾಗಿ ಇಟ್ಟುಕೊಂಡಿತು. ಇಂಗ್ಲಿಷಿನಲ್ಲಿ ವ್ಯವಹರಿಸುವ ಸರಕಾರದ ಒಂದು ಸಂಸ್ಥೆಯು ಒಕ್ಕಲುಗಳ ಭಾಷೆಯಿಂದ ತನ್ನ ಧ್ಯೇಯವಾಕ್ಯವನ್ನು ಆರಿಸಿಕೊಂಡುದು ಗಮನಾರ್ಹ.

ಈ ಕಾಯಿದೆಯ ಹೃದಯವು ಅಣೆಕಟ್ಟುಗಳಲ್ಲಿಲ್ಲ, ಲೆಕ್ಕಾಚಾರದಲ್ಲಿದೆ. ಮಂಡಲಿಯು ತನ್ನ ಸೀಮೆಗೆ ಬೇಕಾದುದನ್ನು ಕೊಟ್ಟು ಮಿಕ್ಕ ವಿದ್ಯುತ್ತನ್ನು ದಕ್ಷಿಣಕ್ಕೆ ಮಾರತಕ್ಕದ್ದು. ಆ ಲಾಭದಿಂದ ಎಂದಿಗೂ ಲಾಭ ತಾರದ ಒಂಟಿಮನೆಗಳಿಗೂ ದೂರದ ದ್ವೀಪಗಳಿಗೂ ತಂತಿಯನ್ನೆಳೆಯತಕ್ಕದ್ದು. ತನ್ನ ಅಧಿಕಾರಕ್ಕೊಳಪಟ್ಟ ಮಟ್ಟಿಗೆ ಆ ಸೀಮೆಯ ಆರ್ಥಿಕ ಸಾಮಾಜಿಕ ಉನ್ನತಿಗೂ ನೆರವಾಗತಕ್ಕದ್ದು. ಈ ಕೊನೆಯ ಮಾತನ್ನೇ ಮುಂದೆ 'ಸಾಮಾಜಿಕ ವಿಧಿ'ಯೆಂದು ಕರೆಯುವುದು ರೂಢಿಯಾಯಿತು. ಆ ಕಾಲದಲ್ಲಿ ಮಂಡಲಿಯ ಸೀಮೆಯೊಳಗೆ ದೊಡ್ಡ ಹಿಡುವಳಿಗಳ ಪೈಕಿ ಆರಕ್ಕೊಂದು, ಕ್ರಾಫ್ಟು ಎಂಬ ಸಣ್ಣ ಒಕ್ಕಲುಹಿಡುವಳಿಗಳ ಪೈಕಿ ನೂರಕ್ಕೊಂದು ಮಾತ್ರ ವಿದ್ಯುತ್ತನ್ನು ಕಂಡಿದ್ದಿತೆಂದು ಎಣಿಕೆ. ೧೯೪೮ರಲ್ಲಿ ಮೊರಾರ್, ಲೋಖಾಲ್ಷ್ ಎಂಬೆಡೆಗಳಲ್ಲಿ ಸಣ್ಣ ಉತ್ಪಾದನಾಗಾರಗಳು ನಡೆಯತೊಡಗಿದುವು. ೧೯೫೦ರಲ್ಲಿ ಲಾಕ್ ಸ್ಲಾಯ್ ಎಂಬ ಸರೋವರದ ದೊಡ್ಡ ಯೋಜನೆಯು ಪ್ರಾರಂಭವಾಯಿತು. ಸಣ್ಣವನ್ನು ಮೊದಲು ಕಟ್ಟಿದುದರಲ್ಲಿ ಅರ್ಥವುಂಟು: ಅವು ಆಯಾ ಊರುಗಳಿಗಾಗಿಯೇ ಉದ್ದಿಷ್ಟವಾದುವು. ಕ್ರಮೇಣ ಪಟ್ಟಣದವನಿಗೂ ಗುಡ್ಡದ ಒಂಟಿಮನೆಯವನಿಗೂ ಒಂದೇ ದರವೆಂಬುದು ಆ ಸೀಮೆಯಲ್ಲಿ ನೆಲೆಗೊಂಡಿತು.

ಆದರೆ ಮಂಡಲಿಯನ್ನು ಹೊಗಳುವಾಗ ಒಂದು ಮಾತನ್ನು ಮರೆಯತಕ್ಕದ್ದಲ್ಲ. ಅದು ಉದಾರವಾದ ಸಂಸ್ಥೆಯೇ ಹೊರತು ಜನರ ಸಂಸ್ಥೆಯಲ್ಲ. ಯಾವ ಕಣಿವೆಯನ್ನು ಮುಳುಗಿಸಬೇಕು, ಯಾವ ದ್ವೀಪಕ್ಕೆ ಎಂದು ತಂತಿ ತಲಪಬೇಕು, ದರವೆಷ್ಟು, ಎಂಬುವೆಲ್ಲವೂ ಎಡಿನ್‌ಬರೋ ನಗರದಲ್ಲಿ ತೀರ್ಮಾನವಾಗುತ್ತಿದ್ದುವು. ಒಕ್ಕಲಿಗೆ ದೊರೆತುದು ಸಮಾನದರದ ಅನುಗ್ರಹ. ದರವನ್ನು ಗೊತ್ತುಮಾಡುವ ಹಕ್ಕಲ್ಲ. ಅನುಗ್ರಹವು ಕೊಟ್ಟವನ ಕೈಯಲ್ಲಿರುವುದಷ್ಟೆ. ಅದು ಕೈ ಬದಲಾಯಿಸಿದಾಗ ಏನಾಯಿತೆಂಬುದನ್ನು ಮುಂದಿನ ಚರಿತ್ರೆಯು ಹೇಳುತ್ತದೆ.

೧೯೪೭ರ ಕಾಯಿದೆಯಿಂದ ಬ್ರಿಟನ್ನಿನ ವಿದ್ಯುದುದ್ಯಮವೆಲ್ಲವೂ ರಾಷ್ಟ್ರದ ಸ್ವಾಮ್ಯಕ್ಕೆ ಬಂದಿತು. ಹೈಲೆಂಡ್ಸಿನ ಮಂಡಲಿಯು ಆಗಲೂ ಪ್ರತ್ಯೇಕವಾಗಿಯೇ ಉಳಿಯಿತು. ಆಗ ಗೆರೆಯೆಳೆದ ಪ್ರಾಂತಮಂಡಲಿಗಳ ಎಲ್ಲೆಗಳು ಒಂದೆರಡು ಮಾರ್ಪಾಡುಗಳೊಡನೆ ಇಂದಿಗೂ ವಿತರಣೆಯ ಎಲ್ಲೆಗಳಾಗಿ ನಿಂತಿವೆ. ಬ್ರಿಟನ್ನಿನಲ್ಲಿ ಮನೆಯ ವಿದ್ಯುತ್ತಿಗೆ ಗರಿಷ್ಠದರವನ್ನು ವಿಧಿಸುವ ಕ್ರಮವು ೨೦೧೯ರಲ್ಲಿ ಜಾರಿಗೆ ಬಂದಾಗಲೂ ಆ ದರವನ್ನು ೧೪ ಪ್ರಾಂತಗಳಿಗೆ ಬೇರೆಬೇರೆಯಾಗಿ ಪ್ರಕಟಿಸಬೇಕಾಯಿತು. ಮಂಡಲಿಗಳು ಹೋದರೂ ಅವುಗಳ ಎಲ್ಲೆಗಲ್ಲುಗಳು ಉಳಿದವು.

೧೯೮೯ರ ಕಾಯಿದೆಯ ಮೂಲಕ ಉದ್ಯಮವು ಖಾಸಗಿಯವರಿಗೆ ಹೋಗುವುದೆಂದು ನಿಶ್ಚಯವಾಗಿ, ೧೯೯೧ರಲ್ಲಿ ಹೈಲೆಂಡ್ಸಿನ ಮಂಡಲಿಯ ಆಸ್ತಿಯೂ ಷೇರುಗಳಾಗಿ ಮಾರಲ್ಪಟ್ಟಿತು. ಸಾಮಾಜಿಕ ವಿಧಿಯ ಒಂದು ಎಳೆ ಮಾತ್ರ ಕತ್ತರಿಸಿಹೋಗದೆ ಉಳಿಯಿತು: ಅಗ್ಗವಾದ ಜಲವಿದ್ಯುತ್ತಿನಿಂದ ಬರುವ ಅನುಕೂಲದಲ್ಲಿ ಒಂದು ಪಾಲನ್ನು ಉತ್ತರದ ವಿತರಣೆಯ ವೆಚ್ಚಕ್ಕೆ ತೊಡಗಿಸಬೇಕೆಂದು ಹೊಸ ಕಂಪೆನಿಗೆ ಕಟ್ಟುಮಾಡಲಾಯಿತು. ೨೦೦೫ರ ಏಪ್ರಿಲ್ ೧ರಂದು ಇದೂ ಮುಗಿಯಿತು. ಅಂದಿನಿಂದ ಸ್ಕಾಟ್ಲೆಂಡೂ ಇಂಗ್ಲೆಂಡೂ ವೇಲ್ಸೂ ಸೇರಿ ಒಂದೇ ವಿದ್ಯುತ್ಸಂತೆಯಾದುವು. ಜಲವಿದ್ಯುತ್ತಿನ ಅನುಕೂಲಕ್ಕೆ ಬದಲಾಗಿ ಬ್ರಿಟನ್ನಿನ ಎಲ್ಲ ಮಾರಾಟಗಾರರಿಂದಲೂ ವಸೂಲಾಗುವ ಒಂದು ಸಹಾಯಧನವು ಉತ್ತರದ ವಿತರಣೆಗೆ ಸಲ್ಲತೊಡಗಿತು. ಉತ್ತರಸೀಮೆಯೊಳಗೆ ಮನೆಯ ಬಳಕೆದಾರರಲ್ಲಿ ಕೇವಲ ಸ್ಥಳಭೇದದಿಂದ ದರಭೇದ ಮಾಡಕೂಡದೆಂಬ ನಿಯಮವೂ ಉಳಿಯಿತು. ದ್ವೀಪಕ್ಕೂ ಅದರೆದುರಿನ ಕರಾವಳಿಗೂ ಹೀಗೆ ದರ ಒಂದೇ; ಆದರೆ ಉತ್ತರಸೀಮೆಗೂ ಲಂಡನ್ನಿಗೂ ಒಂದಲ್ಲ.

ಒಂದೇ ಸಂತೆಯೆಂದ ಮಾತ್ರಕ್ಕೆ ಸ್ಥಳಭೇದವು ಅಳಿಯಿತೆಂದು ತಿಳಿಯಬಾರದು. ಈ ಅಂಶವು ಸ್ವಲ್ಪ ಕ್ಲಿಷ್ಟವಾದುದರಿಂದ ಬಿಡಿಸಿ ಹೇಳಬೇಕಾಗಿದೆ. ವಿದ್ಯುತ್ತಿನ ಬೆಲೆಯಲ್ಲಿ ಮೂರು ಪಾಲುಗಳುಂಟು. ಮೊದಲನೆಯದು ಸರಕಿನ ಸಗಟು ಬೆಲೆ; ಇದು ಬ್ರಿಟನ್ನಿನಾದ್ಯಂತ ಒಂದೇ. ಎರಡನೆಯದು ಹೆದ್ದಾರಿಯಂತಿರುವ ದೊಡ್ಡ ತಂತಿಗಳ ಸಾಗಣೆಯ ಕೂಲಿ. ಇದು ಸ್ಥಳವನ್ನು ಅನುಸರಿಸುತ್ತದೆ. ಜನವಸತಿಯಿಂದ ದೂರದಲ್ಲಿ ಉತ್ಪಾದಿಸಿ ಆ ತಂತಿಗೆ ನೇರವಾಗಿ ಸೇರಿಸುವವನು ಹೆಚ್ಚು ತೆರಬೇಕು, ಲಂಡನ್ನಿನ ಹತ್ತಿರ ಉತ್ಪಾದಿಸುವವನು ಕಡಮೆ ತೆರಬೇಕು. ಮೂರನೆಯದು ಊರೂರಿಗೆ ಹಂಚುವ ಸಣ್ಣ ತಂತಿಗಳ ವೆಚ್ಚ. ಇದೂ ಪ್ರಾಂತವನ್ನು ಅನುಸರಿಸುತ್ತದೆ. ಮನೆಗಳು ವಿರಳವಾಗಿ ತಂತಿ ಉದ್ದವಾದಷ್ಟೂ ತಲೆಗೆ ಬೀಳುವ ಪಾಲು ದೊಡ್ಡದು. ಆದುದರಿಂದ ಉತ್ತರಸೀಮೆಯವನು ಮಾರಲು ಹೋದಾಗ ದೂರದವನೆಂದೂ, ಕೊಳ್ಳಲು ಬಂದಾಗ ವಿರಳವಸತಿಯವನೆಂದೂ ಎರಡು ಕಡೆಯೂ ಎಣಿಸಲ್ಪಟ್ಟನು. ವೆಚ್ಚವನ್ನು ಉಂಟುಮಾಡಿದವನೇ ಅದನ್ನು ಹೊರತಕ್ಕದ್ದೆಂಬ ತತ್ತ್ವವು ತನ್ನಷ್ಟಕ್ಕೆ ಅನ್ಯಾಯವಾದುದೇನೂ ಅಲ್ಲ. ಆದರೆ ಆ ಸೀಮೆಗೆ ಅನುಕೂಲವಾದ ಒಂದೇ ಸ್ಥಳಗುಣ, ಎಂದರೆ ಗಾಳಿಯೂ ನೀರೂ ಅಲ್ಲಿಯೇ ಹುಟ್ಟುವುವೆಂಬುದು, ಸಗಟು ಬೆಲೆಯಲ್ಲಿ ಲೆಕ್ಕಕ್ಕೇ ಬರಲಿಲ್ಲವೆಂಬುದನ್ನು ಕಾಣದಿರಲಾಗದು.

ಇದೇ ಸಂಧಿಕಾಲದಲ್ಲಿ ಊರೊಟ್ಟಿನ ಯಂತ್ರಗಳು ತಲೆದೋರಿದುದು ಆಶ್ಚರ್ಯಕರ. ಅವುಗಳ ಬೇರು ವಿದ್ಯುತ್ತಿನಲ್ಲಿಲ್ಲ, ಭೂಮಿಯಲ್ಲಿದೆ. ಲಾರ್ಡ್ ಲೀವರ್‌ಹ್ಯೂಮನು ಲೂಯಿಸ್ ದ್ವೀಪದ ಸ್ಟೋರ್ನೊವೇ ಪ್ರದೇಶವನ್ನು ೧೯೨೩ರಲ್ಲಿ ಅಲ್ಲಿಯ ಜನರ ನಿಧಿಗೆ ಒಪ್ಪಿಸಿದುದು ಒಂದು ಅಪೂರ್ವ ಪ್ರಸಂಗವಾಗಿಯೇ ಬಹುಕಾಲ ಉಳಿದಿದ್ದಿತು. ೧೯೯೭ರಲ್ಲಿ ಎಗ್ ದ್ವೀಪದವರು, ೨೦೦೨ರಲ್ಲಿ ಗೀಘ ದ್ವೀಪದವರು (ಬರೆಯುವುದು ಗೀಘ, ಉಚ್ಚರಿಸುವುದು ಗೀಯ) ತಮ್ಮ ದ್ವೀಪಗಳನ್ನು ಕೊಂಡುಕೊಂಡರು. ೨೦೦೩ರ ಭೂಸುಧಾರಣೆಯ ಕಾಯಿದೆಯು ಊರಿನವರು ಒಟ್ಟಾಗಿ ಭೂಮಿಯನ್ನು ಕೊಳ್ಳುವುದಕ್ಕೆ ಹಕ್ಕನ್ನು ಕೊಟ್ಟಿತು. ಗೀಘದ ಜನಸಂಖ್ಯೆಯು ಆಗ ಸುಮಾರು ನೂರು. ಕೊಂಡ ಭೂಮಿಯ ಮೇಲೆ ಪಾಳುಬೀಳುತ್ತಿದ್ದ ಮನೆಗಳಿದ್ದುವು. ಅವನ್ನು ಸರಿಪಡಿಸಲು ಆದಾಯ ಬೇಕಾಗಿದ್ದಿತು. ೨೦೦೪–೦೫ರ ಚಳಿಗಾಲದಲ್ಲಿ ಅವರು ಬೇರೆ ಕಡೆ ದುಡಿದು ಹಳೆಯದಾಗಿದ್ದ ಮೂರು ಗಾಳಿಯಂತ್ರಗಳನ್ನು, ತಲಾ ೨೨೫ ಕಿಲೋವಾಟ್ ಶಕ್ತಿಯವನ್ನು, ತಂದು ನಿಲ್ಲಿಸಿದರು. ಅವಕ್ಕೆ ಗೇಲಿಕ್ಕಿನಲ್ಲಿ ಶ್ರದ್ಧೆ, ಆಶೆ, ದಯೆ ಎಂಬರ್ಥದ ಹೆಸರುಗಳನ್ನಿಟ್ಟರು. ಮೂರಕ್ಕೂ ಸೇರಿ 'ನರ್ತಿಸುವ ಸ್ತ್ರೀಯರು' ಎಂದು ಕರೆದರು. ಸ್ಕಾಟ್ಲೆಂಡಿನಲ್ಲಿ ಊರಿನ ಸ್ವಾಮ್ಯದಲ್ಲಿದ್ದು ದೇಶದ ತಂತಿಗೆ ಸೇರಿದ ಗಾಳಿಯಂತ್ರಗಳಲ್ಲಿ ಅವೇ ಮೊದಲನೆಯವು. ಹೈಲೆಂಡ್ಸಿನ ಹಳೆಯ ಏರ್ಪಾಡಿನ ಕೊನೆಯ ಎಳೆ ಹರಿದ ವರ್ಷವೇ ಗೀಘದ ಯಂತ್ರಗಳು ತಿರುಗತೊಡಗಿದುವು.

ಯಂತ್ರದಿಂದ ಬಂದ ವಿದ್ಯುತ್ತು ಗೀಘದ ಮನೆಗಳಿಗೆ ಅಗ್ಗವಾಗಿ ದೊರೆಯಿತೆ ಎಂದರೆ, ಇಲ್ಲ. ಅದು ತಂತಿಯನ್ನು ಹೊಕ್ಕ ಕ್ಷಣವೇ ವ್ಯಾಪಾರಿಯ ಸರಕಾಯಿತು. ಪರವಾನಗಿಯುಳ್ಳ ವ್ಯಾಪಾರಿಯ ಮೂಲಕವಲ್ಲದೆ ಸಾರ್ವಜನಿಕ ತಂತಿಯ ಮೇಲೆ ನೆರೆಮನೆಗೆ ವಿದ್ಯುತ್ತನ್ನು ಮಾರುವುದು ಸಣ್ಣ ಸಂಸ್ಥೆಗೆ ಕಾರ್ಯತಃ ಅಸಾಧ್ಯ. ದ್ವೀಪದವರು ಒಟ್ಟಾಗಿ ಸಗಟಿನಲ್ಲಿ ಮಾರಿ, ಒಬ್ಬೊಬ್ಬರಾಗಿ ಚಿಲ್ಲರೆಯಲ್ಲಿ ಕೊಂಡರು. ಎರಡು ಬೆಲೆಗಳ ನಡುವಣ ಅಂತರವು ದ್ವೀಪದ ಹೊರಗೆ ಹೋಯಿತು. ಲಾಭವು ಅಗ್ಗದ ದೀಪವಾಗಿ ಬರದೆ ಊರಿನ ನಿಧಿಯಾಗಿ ಬಂದಿತು. ಮನೆಗಳ ಜೀರ್ಣೋದ್ಧಾರಕ್ಕೆ ಅದೇ ಆಧಾರವಾಯಿತು.

ಈ ನಿಧಿಯು ನಿಂತುದು ಮಾರುಕಟ್ಟೆಯ ಬೆಲೆಯ ಬಲದಿಂದಲೂ ಅಲ್ಲ. ಮೊದಲು ನವೀಕರಣೀಯ ವಿದ್ಯುತ್ತಿಗೆ ದೊರೆಯುತ್ತಿದ್ದ ಪ್ರಮಾಣಪತ್ರಗಳೂ, ೨೦೧೦ರ ಏಪ್ರಿಲ್ಲಿನಿಂದ ೫ ಮೆಗಾವಾಟಿನ ವರೆಗಿನ ಉತ್ಪಾದಕರಿಗೆ ಕೊಟ್ಟ ನಿಶ್ಚಿತದರವೂ ಅದಕ್ಕೆ ಮೂಲ. ಈ ನಿಶ್ಚಿತದರವು ಸ್ಥಳವನ್ನು ನೋಡುತ್ತಿರಲಿಲ್ಲ. ಕಾರ್ನ್‌ವಾಲಿನಲ್ಲಿ ಎಷ್ಟೋ ಆರ್ಕ್ನಿಯಲ್ಲಿಯೂ ಅಷ್ಟೇ. ಗಾಳಿ ಹೆಚ್ಚಿರುವ ಉತ್ತರದಲ್ಲಿ ಅದು ಹೆಚ್ಚು ಫಲಕೊಟ್ಟಿತು. ಪ್ರಮಾಣಪತ್ರಗಳ ಕಾಲದಲ್ಲಿಯೇ, ೨೦೦೯ರಲ್ಲಿ, ಆರ್ಕ್ನಿಯ ವೆಸ್ಟ್ರೇ ದ್ವೀಪದವರು ೯೦೦ ಕಿಲೋವಾಟಿನ ಯಂತ್ರವನ್ನು ನಿಲ್ಲಿಸಿದ್ದರು. ಅನಂತರ ಈಡೇ, ಷಾಪಿನ್ಸೇ, ರೌಸೇ, ಸ್ಟ್ರಾನ್ಸೇ ಮೊದಲಾದ ನೆರೆದ್ವೀಪಗಳೂ ಅದೇ ದಾರಿಯನ್ನು ಹಿಡಿದುವು. ೨೦೧೫ರಲ್ಲಿ ಲೂಯಿಸ್ ದ್ವೀಪದ ಬೇನ್ ಗ್ರಿಡಾಗ್ ಎಂಬ ಗುಡ್ಡದ ಗೋಮಾಳದಲ್ಲಿ ಮೂರು ಯಂತ್ರಗಳು, ಒಟ್ಟು ೯ ಮೆಗಾವಾಟ್, ನಿಂತುವು. ಪಾಯಿಂಟ್, ಸ್ಯಾಂಡ್ವಿಕ್ ಎಂಬ ಊರುಗಳ ನಿಧಿಯು ಅವಕ್ಕೆ ಒಡೆಯ. ಅದರ ಆದಾಯದಿಂದ ಸ್ಟೋರ್ನೊವೇಯಲ್ಲಿ ಮರಣಾಸನ್ನರನ್ನು ಶುಶ್ರೂಷೆ ಮಾಡುವ ಆಲಯವೊಂದಕ್ಕೆ ನೆರವು ಸಲ್ಲುತ್ತಿದೆ.

ನಿಶ್ಚಿತದರದ ಹಣವು ಎಲ್ಲಿಂದ ಬಂದಿತೆಂಬುದನ್ನೂ ನೋಡಬೇಕು. ಅದನ್ನು ದೇಶದ ಎಲ್ಲ ವಿದ್ಯುದ್ಬಳಕೆದಾರರ ಬಿಲ್ಲಿಗೆ ಸೇರಿಸಲಾಯಿತು. ಅನಿಲದ ಬಿಲ್ಲಿಗೆ ಸೇರಿಸಲಿಲ್ಲ. ದ್ವೀಪಗಳಲ್ಲಿ ಅನಿಲದ ಕೊಳವೆ ಬಹುಮಟ್ಟಿಗೆ ಇಲ್ಲ. ಚಳಿಗೆ ವಿದ್ಯುತ್ತನ್ನೋ ಎಣ್ಣೆಯನ್ನೋ ಉರಿಸಬೇಕು. ಊರೊಟ್ಟಿನ ಯಂತ್ರಕ್ಕೆ ಬಂದ ಸಹಾಯದಲ್ಲಿ ಒಂದು ಪಾಲನ್ನು, ಲಂಡನ್ನಿನಲ್ಲಿ ಅನಿಲದಿಂದ ಮನೆಯನ್ನು ಕಾಯಿಸಿಕೊಳ್ಳುವವನಿಗಿಂತ ಹೆಚ್ಚಾಗಿಯೇ, ವಿದ್ಯುತ್ತಿನಿಂದ ಕಾಯಿಸಿಕೊಳ್ಳುವ ದ್ವೀಪದ ಮುದುಕಿಯು ತೆತ್ತಳು.

೨೦೧೯ರ ಮಾರ್ಚ್ ೩೧ರಂದು ನಿಶ್ಚಿತದರವು ಹೊಸಬರಿಗೆ ಮುಚ್ಚಿಹೋಯಿತು. ೨೦೨೦ರಿಂದ ಅದರ ಸ್ಥಾನಕ್ಕೆ ಬಂದ ಏರ್ಪಾಡಿನಲ್ಲಿ ವ್ಯಾಪಾರಿಯು ಯಾವುದಾದರೊಂದು ಬೆಲೆಯನ್ನು ಕೊಡಲೇಬೇಕು. ಎಷ್ಟೆಂಬುದು ಅವನಿಗೆ ಬಿಟ್ಟದ್ದು. ಹಳೆಯ ಯಂತ್ರಗಳಿಗೆ ಗೊತ್ತಾದ ಅವಧಿಯ ವರೆಗೆ ಹಳೆಯ ದರವೇ ನಡೆಯುತ್ತದೆ. ಹೊಸ ಊರಿಗೆ ಆ ಬಾಗಿಲಿಲ್ಲ.

ಬೆಲೆಯ ಜೊತೆಗೆ ದಾರಿಯೂ ಇಕ್ಕಟ್ಟಾಯಿತು. ಆರ್ಕ್ನಿಯಲ್ಲಿ ಯಂತ್ರಗಳು ಹೆಚ್ಚಿ ಕಡಲತಳದ ಕೇಬಲ್ಲುಗಳು ಸಾಲದೆ ಹೋದುದರಿಂದ, ತಂತಿ ತುಂಬಿದಾಗ ಕೆಲವು ಯಂತ್ರಗಳನ್ನು ತಾನಾಗಿಯೇ ನಿಲ್ಲಿಸುವ ಒಂದು ವ್ಯವಸ್ಥೆಯು ೨೦೦೯ರಲ್ಲಿ ಜಾರಿಗೆ ಬಂದಿತು. ದೊಡ್ಡ ತಂತಿಗೆ ಸೇರಿದ ಮಹಾಕಂಪೆನಿಗಳ ಯಂತ್ರಗಳನ್ನು ದಾರಿಯಿಲ್ಲದ ಕಾರಣ ನಿಲ್ಲಿಸಿದರೆ ಅವಕ್ಕೆ ಪರಿಹಾರಧನವುಂಟು. ಈ ವ್ಯವಸ್ಥೆಗೆ ಒಪ್ಪಿ ಸೇರಿದ ಊರೊಟ್ಟಿನ ಯಂತ್ರವು ನಿಂತರೆ ನಿಂತಷ್ಟೂ ನಷ್ಟ. ಈಡೇ ದ್ವೀಪದಲ್ಲಿ ಇಂಥ ವಿದ್ಯುತ್ತನ್ನು ನೀರಿನಿಂದ ಜಲಜನಕವನ್ನು ಬೇರ್ಪಡಿಸಲು ಬಳಸಿ ನೋಡಿದರು. ರೌಸೇಯಲ್ಲಿ ಯಂತ್ರ ನಿಲ್ಲಬೇಕಾದ ಹೊತ್ತಿಗೆ ಸರಿಯಾಗಿ ಮನೆಗಳ ಕಾವುಪೆಟ್ಟಿಗೆಗಳನ್ನು ಹಚ್ಚುವ ಉಪಾಯವನ್ನು ಹೂಡಿದರು. ಲೂಯಿಸ್ ದ್ವೀಪದ ಪಾಡು ಇನ್ನೂ ಕಠಿಣ. ೨೦೨೦ರ ಅಕ್ಟೋಬರಿನಲ್ಲಿ ಸ್ಕೈ ದ್ವೀಪದಿಂದ ಹ್ಯಾರಿಸಿಗೆ ಬರುವ ಕೇಬಲ್ಲು ಕೆಟ್ಟಿತು. ಹೊಸದು ಬಂದುದು ಮರುವರ್ಷ. ನಡುವಣ ಚಳಿಗಾಲದಲ್ಲಿ ಗಾಳಿಯು ಎಂದಿನಂತೆ ಬೀಸುತ್ತಿರಲು ಊರೊಟ್ಟಿನ ಯಂತ್ರಗಳು ಬಹುಮಟ್ಟಿಗೆ ನಿಂತಿದ್ದುವು. ದ್ವೀಪದ ದೀಪಗಳು ಸ್ಟೋರ್ನೊವೇಯ ಡೀಸೆಲ್ ಯಂತ್ರಗಳಿಂದ ಉರಿದುವು.

ಇವೆಲ್ಲಕ್ಕೂ ಹೊರತಾದುದು ಎಗ್ ದ್ವೀಪ. ಅದಕ್ಕೆ ದೇಶದ ತಂತಿ ಎಂದೂ ತಲಪಿರಲಿಲ್ಲ. ಮನೆಮನೆಯಲ್ಲಿ ಡೀಸೆಲ್ ಯಂತ್ರಗಳು ಗದ್ದಲಮಾಡುತ್ತಿದ್ದುವು. ೨೦೦೮ರ ಫೆಬ್ರುವರಿ ೧ರಂದು ದ್ವೀಪದವರ ಸ್ವಂತ ಕಂಪೆನಿಯು ನೀರು, ಗಾಳಿ, ಬಿಸಿಲು ಮೂರನ್ನೂ ಕೂಡಿಸಿ, ಬ್ಯಾಟರಿಗಳಲ್ಲಿ ಶೇಖರಿಸಿ, ತನ್ನದೇ ತಂತಿಗಳ ಮೂಲಕ ಹಂಚತೊಡಗಿತು. ಒಂದು ಮನೆಯು ಏಕಕಾಲದಲ್ಲಿ ೫ ಕಿಲೋವಾಟಿಗಿಂತಲೂ, ಒಂದು ವ್ಯಾಪಾರಸ್ಥಳವು ೧೦ ಕಿಲೋವಾಟಿಗಿಂತಲೂ ಹೆಚ್ಚಾಗಿ ಎಳೆಯಕೂಡದೆಂದು ಅವರೇ ಕಟ್ಟುಮಾಡಿಕೊಂಡರು. ಮಿಕ್ಕುದರಿಂದ ಊರಿನ ಸಭಾಗೃಹವನ್ನೂ ಇಗರ್ಜಿಯನ್ನೂ ಕಾಯಿಸಿದರು. ಅಲ್ಲಿಯ ಯೂನಿಟ್ಟು ಅಗ್ಗವೆಂದು ಹೇಳುವಂತಿಲ್ಲ. ಯಂತ್ರಗಳು ಸವೆದಂತೆ ಹೊಸವಕ್ಕೆ ಹಣ ಕೂಡಿಸುವ ಚಿಂತೆಯೂ ಅವರ ತಲೆಯ ಮೇಲೆಯೇ ಇದೆ. ಆದರೆ ದರವೆಷ್ಟೆಂಬುದನ್ನು ಅಲ್ಲಿಯೇ ತೀರ್ಮಾನಿಸುತ್ತಾರೆ. ಕೇಬಲ್ಲು ತಲಪಿದ ದ್ವೀಪಗಳಿಗೆ ಇಲ್ಲದ ಸ್ವಾತಂತ್ರ್ಯವು ತಲಪದ ದ್ವೀಪಕ್ಕೆ ಒದಗಿತು.

ಹೀಗಿರಲು ೨೦೨೨ರ ಜುಲೈಯಲ್ಲಿ ಬ್ರಿಟಿಷ್ ಸರಕಾರವು ವಿದ್ಯುನ್ಮಾರುಕಟ್ಟೆಯ ಪುನರ್ವಿಮರ್ಶೆಯನ್ನು ಆರಂಭಿಸಿ, ಸಗಟು ಬೆಲೆಯನ್ನೇ ವಲಯಗಳಾಗಿ ವಿಂಗಡಿಸಬಹುದೆ ಎಂದು ಪ್ರಶ್ನಿಸಿತು. ಇದು ಹೊಸ ಕಲ್ಪನೆಯಲ್ಲ. ಸ್ವೀಡನ್ ದೇಶವು ೨೦೧೧ರ ನವೆಂಬರ್ ೧ರಿಂದ ನಾಲ್ಕು ವಲಯಗಳಾಗಿ ಒಡೆದಿದೆ, ನಾರ್ವೆ, ಡೆನ್ಮಾರ್ಕ್, ಇಟಲಿಗಳಲ್ಲಿಯೂ ವಲಯಗಳುಂಟು. ಉತ್ಪತ್ತಿ ಹೆಚ್ಚಿ ಹೊರದಾರಿ ಕಿರಿದಾದ ವಲಯದಲ್ಲಿ ಬೆಲೆ ಇಳಿಯುತ್ತದೆ. ಸ್ಕಾಟ್ಲೆಂಡಿನಿಂದ ಇಂಗ್ಲೆಂಡಿಗೆ ಹೋಗುವ ತಂತಿಗಳು ಗಾಳಿ ಬಲವಾದಾಗ ಸಾಲದಿರುವುದರಿಂದ, ವಲಯಬೆಲೆಯು ಬಂದರೆ ಉತ್ತರದ ಸಗಟು ಬೆಲೆ ಇಳಿಯುವುದೆಂಬುದರಲ್ಲಿ ಎರಡೂ ಪಕ್ಷದವರಿಗೆ ಭೇದವಿರಲಿಲ್ಲ. ಕೊನೆಗೂ ಗಾಳಿಯ ನಾಡಿನವರಿಗೆ ಅಗ್ಗದ ವಿದ್ಯುತ್ತು ಎಂದು ಒಂದು ಪಕ್ಷ ಸಾರಿತು. ಬೆಲೆಯೇ ಬಿದ್ದರೆ ಯಂತ್ರ ನಿಲ್ಲಿಸುವವರಾರು ಎಂದು ಮತ್ತೊಂದು ಪಕ್ಷ ಕೇಳಿತು.

ದ್ವೀಪದವನು ಈ ವಾದದಲ್ಲಿ ಯಾವ ಪಕ್ಷಕ್ಕೆ ಸೇರಬೇಕು? ಮನೆಯ ಮೀಟರಿನ ಮುಂದೆ ನಿಂತಾಗ ಅವನು ಕೊಳ್ಳುವವನು. ಊರಿನ ನಿಧಿಯ ಸಭೆಯಲ್ಲಿ ಕುಳಿತಾಗ ಮಾರುವವನು. ನಿಶ್ಚಿತದರ ಪಡೆದ ಯಂತ್ರಕ್ಕೆ ಉತ್ಪತ್ತಿಯ ಮೇಲಿನ ಹಣವು ವಲಯಬೆಲೆಯಿಂದ ಕುಗ್ಗುವುದಿಲ್ಲವಾದರೂ, ತಂತಿಗೆ ಮಾರಿದುದಕ್ಕೆ ಸಂತೆಯಲ್ಲಿ ಬರುವ ಬೆಲೆ ಕುಗ್ಗುತ್ತದೆ. ಪ್ರಮಾಣಪತ್ರದ ಕಾಲದ ಯಂತ್ರಕ್ಕೂ ಹಾಗೆಯೇ. ಯಾವ ಆಶ್ರಯವೂ ಇಲ್ಲದ ಹೊಸ ಯಂತ್ರಕ್ಕೆ ಸಾಲ ಹುಟ್ಟುವುದೇ ಕಷ್ಟ. ಹತ್ತಾರು ಕಡೆ ಯಂತ್ರಗಳಿರುವ ಮಹಾಕಂಪೆನಿಯು ಒಂದು ವಲಯದ ನಷ್ಟವನ್ನು ಮತ್ತೊಂದು ವಲಯದಲ್ಲಿ ತುಂಬಿಕೊಂಡೀತು. ಊರು ತನ್ನ ಯಂತ್ರವನ್ನು ಎತ್ತಿಕೊಂಡು ಬೇರೆ ವಲಯಕ್ಕೆ ಹೋಗಲಾರದು. ಕೊಳ್ಳುವವನಿಗಾಗುವ ಲಾಭವಾದರೂ ನಿಶ್ಚಿತವಲ್ಲ. ಅಗ್ಗದ ಸಗಟು ಬೆಲೆಯನ್ನು ಚಿಲ್ಲರೆ ವ್ಯಾಪಾರಿಯು ಮನೆಯ ಬಿಲ್ಲಿಗೆ ಎಷ್ಟರಮಟ್ಟಿಗೆ ಇಳಿಸುವನೆಂಬುದು ಬೇರೆಯೇ ಪ್ರಶ್ನೆ. ಇಷ್ಟಾದರೂ ವಲಯಬೆಲೆಯ ವಾದದಲ್ಲಿ ಸತ್ಯಾಂಶವಿಲ್ಲವೆಂದು ತಳ್ಳಿಬಿಡುವುದು ಸರಿಯಲ್ಲ. ಗಾಳಿಯು ಇಲ್ಲಿ ಹುಟ್ಟುವುದಾದರೆ ಅದರ ಅಗ್ಗವೂ ಇಲ್ಲಿಯೇ ಉಳಿಯಬೇಕೆಂಬುದು ೧೯೪೩ರ ಕಾಯಿದೆಯ ಆಶಯಕ್ಕೆ ಹತ್ತಿರವಾದ ಮಾತೇ. ಭೇದವೇನೆಂದರೆ, ಜಾನ್ಸ್ಟನ್ನನ ಏರ್ಪಾಡಿನಲ್ಲಿ ಮಾರಿದ ಲಾಭವೂ ಕೊಂಡವನ ಅನುಕೂಲವೂ ಒಂದೇ ಲೆಕ್ಕಪುಸ್ತಕದಲ್ಲಿದ್ದುವು. ಈಗ ಅವೆರಡೂ ಎರಡು ಪುಸ್ತಕಗಳಲ್ಲಿವೆ. ಒಂದರಲ್ಲಿ ಬರೆದುದನ್ನು ಮತ್ತೊಂದರಲ್ಲಿ ಹೊಡೆದುಹಾಕಬೇಕಾಗುತ್ತದೆ.

೨೦೨೫ರ ಜುಲೈ ೧೦ರಂದು ಸರಕಾರವು ವಲಯಬೆಲೆಯನ್ನು ಕೈಬಿಟ್ಟು, ಇಡೀ ಬ್ರಿಟನ್ನಿಗೆ ಒಂದೇ ಸಗಟು ಬೆಲೆಯನ್ನು ಉಳಿಸಿಕೊಂಡು, ಸಾಗಣೆಯ ಕೂಲಿಯನ್ನು ಪರಿಷ್ಕರಿಸುವುದಾಗಿ ತಿಳಿಸಿತು. ಊರೊಟ್ಟಿನ ಯಂತ್ರಗಳ ಮಾರಾಟದ ಬೆಲೆಗೆ ಆ ಕಡೆಯಿಂದ ಬರಬಹುದಾಗಿದ್ದ ಅಪಾಯವು ತಪ್ಪಿತು. ಮೀಟರಿನ ಮುಂದೆ ನಿಂತವನ ಬಿಲ್ಲು ಅದರಿಂದ ಇಳಿಯಲಿಲ್ಲ. ಗೀಘದವರು ಇಂದಿಗೂ ಒಟ್ಟಾಗಿ ಮಾರಿ ಒಬ್ಬೊಬ್ಬರಾಗಿ ಕೊಳ್ಳುತ್ತಿದ್ದಾರೆ.